ಯಾವುದು ಮೊದಲು ಮುರಿಯಬೇಕು?

"ಅಲ್ಯೂಮಿನಿಯಂ ಆರ್ಮ್ ಹಾಕಿಬಿಡು, ಮತ್ತೆ ಮುರಿಯುವ ಮಾತೇ ಇಲ್ಲ." ರಿಮೋಟ್ ಕಾರಿನ ಹವ್ಯಾಸಕ್ಕೆ ಇಳಿದವರ ಕಿವಿಗೆ ಇವತ್ತಲ್ಲ ನಾಳೆ ಈ ಮಾತು ಬಿದ್ದೇ ಬೀಳುತ್ತದೆ. ಮೊನ್ನೆ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಯೊಬ್ಬ ಮುರಿದ ಆರ್ಮನ್ನು (ಚಕ್ರವನ್ನು ಕಾರಿಗೆ ಹಿಡಿದಿಡುವ ಕೈಯಂಥ ಪ್ಲಾಸ್ಟಿಕ್ ತುಂಡು) ಪೇಪರಿನಲ್ಲಿ ಸುತ್ತಿಕೊಂಡು ಮನೆಗೆ ಬಂದಿದ್ದ. "ಮಾಷ್ಟ್ರೇ, ಇದಕ್ಕೆ ಲೋಹದ್ದೇ ಸಿಗುತ್ತದಂತೆ. ತರಿಸಲಾ?" ಎಂದು ಕೇಳಿದ. ಬೇಡ ಅಂದೆ. ಯಾಕೆ ಬೇಡ ಎಂದು ಅವನು ಕೇಳಲಿಲ್ಲ. ಕೇಳಿದ್ದರೂ ಗೇಟಿನ ಹತ್ತಿರ ನಿಂತು ಹೇಳಿ ಮುಗಿಸುವ ವಿಷಯ ಅಲ್ಲ ಅದು. ಅವತ್ತಿನಿಂದ ಆ 'ಬೇಡ' ತಲೆಯಲ್ಲೇ ಕೂತಿದೆ. ಒಂದು ವಸ್ತು ಗಟ್ಟಿ ಇದ್ದಷ್ಟೂ ಒಳ್ಳೆಯದು ಎಂದೇ ನಾವೆಲ್ಲ ನಂಬಿರುವುದು. ಬಾಗಿಲಿಗೆ ಮರ ನೋಡುವಾಗ, ಕೊಟ್ಟಿಗೆಗೆ ಕಂಬ ಹಾಕುವಾಗ ನಾನೂ ಹಾಗೇ ನೋಡುತ್ತೇನೆ. ಈ ಪುಟ್ಟ ಕಾರನ್ನು ಬಿಚ್ಚಿ ಜೋಡಿಸುತ್ತಾ ಮಾತ್ರ ಆ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ ಎಂದು ನನಗೆ ಅರ್ಥವಾಗುತ್ತಾ ಬಂತು.

ನಾನು ಹೇಳುತ್ತಿರುವುದು ಜಾತ್ರೆಯಲ್ಲಿ ಸಿಗುವ ಆಟಿಕೆ ಕಾರಿನ ಬಗ್ಗೆ ಅಲ್ಲ. ಅದು ಹಾಳಾದರೆ ಮುಗಿಯಿತು, ಒಳಗಿನ ಒಂದು ಗೇರು ಕೂಡ ಬೇರೆ ಸಿಗುವುದಿಲ್ಲ. ಹವ್ಯಾಸದ ಕಾರಿನ ಪ್ರತಿಯೊಂದು ಭಾಗಕ್ಕೂ ನಂಬರು ಇರುತ್ತದೆ. ಚಕ್ರ ಹಿಡಿದುಕೊಳ್ಳುವ ಆರ್ಮ್, ಕುಲುಕಾಟ ತಡೆಯುವ ಎಣ್ಣೆ ತುಂಬಿದ ಶಾಕ್, ಸ್ಟೇರಿಂಗ್ ತಿರುಗಿಸುವ ಸರ್ವೋ, ಬೇರಿಂಗು, ಸ್ಕ್ರೂ, ಎಲ್ಲ ಬಿಡಿಯಾಗಿ ತರಿಸಬಹುದು. ಜಪಾನಿನ ಶಿಜುವೊಕಾದ ತಾಮಿಯಾ ಕಂಪನಿ 1976ರಲ್ಲಿ ಪೋರ್ಷೆ 934ರ 1/12 ಅಳತೆಯ ರೇಡಿಯೋ ಕಾರನ್ನು ಬಿಡಿಭಾಗಗಳ ಪೆಟ್ಟಿಗೆಯಾಗಿಯೇ ಮಾರಿತು. ಕೊಂಡವರು ಮನೆಯಲ್ಲಿ ಕೂತು ಜೋಡಿಸಬೇಕಿತ್ತು. ಕೈಯಾರೆ ಜೋಡಿಸಿದವನಿಗೆ ಬಿಚ್ಚುವ ಹೆದರಿಕೆ ಇರುವುದಿಲ್ಲ ಅಲ್ವಾ? ಈಗ ಹೆಚ್ಚಿನ ಕಾರುಗಳು ಓಡಿಸಲು ತಯಾರಾಗಿಯೇ ಬರುತ್ತವೆ. ಹಾಗಾಗಿ ನಮ್ಮಲ್ಲಿ ಬಹಳ ಜನ ಮೊದಲ ಸಲ ಕಾರಿನ ಒಳಗನ್ನು ನೋಡುವುದೇ ಅದು ಗುದ್ದಿ ಮುರಿದ ಮೇಲೆ.

ಪದವಿನ ಮೇಲೆ

ಕಾಸರಗೋಡಿನ ಒಳನಾಡಿನಲ್ಲಿ ರಿಮೋಟ್ ಕಾರು ಓಡಿಸುವವರಿಗೆ ಜಾಗಕ್ಕೇನೂ ಬರವಿಲ್ಲ. ತೋಟ, ಗುಡ್ಡ, ಮನೆ ಎಲ್ಲ ದಾಟಿ ಹೋದರೆ ಮುರಕಲ್ಲಿನ ಪದವು, ಅಂದರೆ ಕೆಂಪು ಕಲ್ಲಿನ ಎತ್ತರದ ಬಯಲು ಸಿಗುತ್ತದೆ. ಮಳೆಗಾಲದಲ್ಲಿ ಅಲ್ಲಿ ಹುಲ್ಲು, ನೀರು, ಸಣ್ಣ ಸಣ್ಣ ಹೂವು. ಫೆಬ್ರವರಿ ಹೊತ್ತಿಗೆ ಎಲ್ಲ ಒಣಗಿ ಬೋಳು ಕಲ್ಲು. ಓಡಿಸಲು ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ಕಾರಿಗೆ ಅದಕ್ಕಿಂತ ಕೆಟ್ಟ ನೆಲವೂ ಇಲ್ಲ. ತೂತು ತೂತಾದ ಕಲ್ಲು ಟೈರನ್ನು ಅರದ ಹಾಗೆ ಉಜ್ಜುತ್ತದೆ, ಕೆಂಪು ಧೂಳು ಬೇರಿಂಗಿನ ಒಳಗೆ ಹೋಗಿ ಕೂರುತ್ತದೆ.

2020ರ ಮಾರ್ಚ್ ಶುರುವಿನ ಒಂದು ಸಂಜೆ ನೆನಪಾಗುತ್ತದೆ. ಅಕ್ಕನ ಮಗ ಬಂದಿದ್ದ. ಇಬ್ಬರೂ ಸೇರಿ ನೀರ್ಚಾಲಿನ ಆಚೆಗಿನ ಪದವಿಗೆ ಹೋಗಿದ್ದೆವು. ಕಾರು 1/10 ಅಳತೆಯ ಬಗ್ಗಿ (ಕಲ್ಲುಮಣ್ಣಿನ ಮೇಲೆ ಓಡಿಸುವ ಮಾದರಿ), ಹಿಂದಿನ ಎರಡು ಚಕ್ರಕ್ಕೆ ಮಾತ್ರ ಮೋಟಾರು, ಬ್ಯಾಟರಿ ಸೇರಿ ಒಂದೂವರೆ ಕಿಲೋ ಆಸುಪಾಸು. ರಿಮೋಟು ಅವನ ಕೈಯಲ್ಲಿತ್ತು. ಚೆನ್ನಾಗಿಯೇ ಓಡಿಸುತ್ತಿದ್ದ. ಕಾರು ನಮ್ಮಿಂದ ದೂರ ಹೋಗುವಾಗ ಎಡ ಎಡವೇ, ಬಲ ಬಲವೇ. ಅದು ತಿರುಗಿ ನಮ್ಮ ಕಡೆಗೆ ಮುಖ ಮಾಡಿದಾಗ ಎಲ್ಲ ಉಲ್ಟಾ ಆಗುತ್ತದೆ. ಕೈಗೆ ಇದು ರೂಢಿಯಾಗಲು ಸಮಯ ಬೇಕು. ಯಾರೋ ಕಾಂಪೌಂಡಿಗೆಂದು ತರಿಸಿ ಅಟ್ಟಿ ಇಟ್ಟಿದ್ದ ಮುರಕಲ್ಲಿನ ರಾಶಿ ಪದವಿನ ಅಂಚಿನಲ್ಲಿತ್ತು. ನಮ್ಮ ಕಡೆಗೆ ಬರುತ್ತಿದ್ದ ಕಾರು ರಾಶಿಯಿಂದ ದೂರ ಹೋಗಲಿ ಎಂದು ಅವನು ಸ್ಟೇರಿಂಗ್ ತಿರುಗಿಸಿದ. ಕಾರು ನೇರ ಅದರ ಕಡೆಗೇ ಹೋಯಿತು.

ದೊಡ್ಡ ಸದ್ದೇನೂ ಆಗಲಿಲ್ಲ. ಒಣ ಕೋಲು ಮುರಿದಂಥ ಒಂದು ಸಣ್ಣ ಟಕ್. ಕಾರು ಪಲ್ಟಿ ಹೊಡೆದು ಅಡಿಮೇಲಾಗಿ ಬಿತ್ತು, ಹಿಂದಿನ ಚಕ್ರ ಇನ್ನೂ ತಿರುಗುತ್ತಿತ್ತು. ಹುಡುಗ ಗಾಬರಿಯಲ್ಲಿ ಟ್ರಿಗರ್ ಬಿಟ್ಟಿರಲಿಲ್ಲ. "ಕೈ ಬಿಡು ಮಾರಾಯ, ಮೊದಲು ಕೈ ಬಿಡು" ಅಂದೆ. ಗುದ್ದಿದ ಮೇಲೆ ಮೊದಲು ಮಾಡಬೇಕಾದ ಕೆಲಸ ಅದೇ. ಗೇರಿನ ಸಂದಿಯಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ, ಚಕ್ರ ಎಲ್ಲಿಗಾದರೂ ಒತ್ತಿಕೊಂಡಿದ್ದರೆ ಮೋಟಾರು ತಿರುಗಲಾರದೆ ನಿಲ್ಲುತ್ತದೆ. ನಿಂತ ಮೋಟಾರು ವಿಪರೀತ ಕರೆಂಟು ಎಳೆಯುತ್ತದೆ, ಸ್ಪೀಡ್ ಕಂಟ್ರೋಲರು ಸುಟ್ಟು ಹೋಗಬಹುದು. ಆಮೇಲೆ ಓಡಿಹೋಗಿ ಬ್ಯಾಟರಿ ಕಳಚಿದೆವು. ಮುಂದಿನ ಬಲಗಡೆಯ ಚಕ್ರ ಶಾಕಿನ ತುದಿಗೆ ನೇತಾಡುತ್ತಿತ್ತು. ಕೆಳಗಿನ ಆರ್ಮ್ ಎರಡು ತುಂಡು. "ಎಂತ ಮಾಡುವುದು ಮಾವ? ಹೋಯ್ತಾ ಕಾರು?" ಎಂದು ಕೇಳಿದ. ಅವನ ಮುಖ ಸಣ್ಣದಾಗಿತ್ತು. ನಾನು ಉಳಿದ ಮೂರು ಚಕ್ರವನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ ತೋರಿಸಿದೆ. ಎಲ್ಲ ಸಲೀಸು. ಚಾಸಿ (ಎಲ್ಲ ಭಾಗ ಕೂರುವ ಅಡಿಯ ಚೌಕಟ್ಟು) ನೆಟ್ಟಗಿತ್ತು, ಸ್ಟೇರಿಂಗ್ ಎರಡೂ ಕಡೆ ತಿರುಗುತ್ತಿತ್ತು. ಇಡೀ ಕಾರಿನಲ್ಲಿ ಹೋಗಿದ್ದು ಒಂದೇ ಒಂದು ಪ್ಲಾಸ್ಟಿಕ್ ತುಂಡು.

ಅವನಿಗೆ ಧೈರ್ಯ ಬರಲಿ ಎಂದು ಅವತ್ತು ರಾತ್ರಿ ಇಬ್ಬರೂ ಕಾಗದದ ಮೇಲೆ ಲೆಕ್ಕ ಹಾಕಿದೆವು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದುವುದೂ ಒಂದೇ, 6 ಮೀಟರಿಗೂ ಸ್ವಲ್ಪ ಜಾಸ್ತಿ ಎತ್ತರದಿಂದ ಕಲ್ಲಿನ ಮೇಲೆ ಬೀಳುವುದೂ ಒಂದೇ. ಒಂದೂವರೆ ಕಿಲೋದ ಕಾರು ಅಷ್ಟು ವೇಗದಿಂದ 1 ಸೆಂಟಿಮೀಟರಿನಲ್ಲಿ ನಿಂತಿತು ಎಂದುಕೊಳ್ಳಿ. ಆ ಒಂದು ಕ್ಷಣ ಅದರ ಮೂತಿಯ ಮೇಲೆ ಸರಾಸರಿ 9 ಕ್ವಿಂಟಾಲಿಗೂ ಜಾಸ್ತಿ ಭಾರ ಬೀಳುತ್ತದೆ. ಅಡಿಕೆ ಮೂಟೆಯ ತೂಕ ಗೊತ್ತಿದ್ದ ಹುಡುಗ, ಬರೆದದ್ದನ್ನು ಮತ್ತೊಮ್ಮೆ ಮೇಲಿನಿಂದ ನೋಡಿದ. ಅಷ್ಟು ಭಾರಕ್ಕೆ ಕಿರುಬೆರಳಿಗಿಂತ ಸ್ವಲ್ಪವೇ ಉದ್ದದ ಒಂದು ಪ್ಲಾಸ್ಟಿಕ್ ತುಂಡು ಮುರಿದದ್ದು ದೊಡ್ಡ ಸಂಗತಿ ಅಲ್ಲ. ಅದೊಂದೇ ಮುರಿದು ಉಳಿದದ್ದೆಲ್ಲ ಹಾಗೇ ಉಳಿದದ್ದು ದೊಡ್ಡ ಸಂಗತಿ.

ಪೆಟ್ಟು ಎಲ್ಲಿಗೆ ಹೋಗುತ್ತದೆ

ಪೆಟ್ಟು ಮೊದಲು ಬೀಳುವುದು ಚಕ್ರಕ್ಕೆ. ಅಲ್ಲಿಂದ ಅಚ್ಚಿಗೆ, ಅಚ್ಚು ಹಿಡಿದ ನಕಲ್‌ಗೆ, ಆಮೇಲೆ ಆರ್ಮಿಗೆ. ಆರ್ಮಿನಿಂದ ಅದು ಮೇಲೆ ಕೆಳಗೆ ಆಡುವ ಹಿಂಜ್ ಪಿನ್ನಿಗೆ, ಪಿನ್ನನ್ನು ಹಿಡಿದಿರುವ ಬಲ್ಕ್‌ಹೆಡ್ಡಿಗೆ, ಕೊನೆಗೆ ಚಾಸಿಗೆ. ಸ್ಟೇರಿಂಗ್ ಕಡೆಗೆ ಹೋದ ಪೆಟ್ಟನ್ನು ಸರ್ವೋ ಸೇವರ್ ಎಂಬ ಸ್ಪ್ರಿಂಗಿನ ತುಂಡು ತಡೆದುಕೊಳ್ಳುತ್ತದೆ. ಚಕ್ರಕ್ಕೆ ಅಡ್ಡ ಹೊಡೆತ ಬಿದ್ದಾಗ ಅದು ಸ್ವಲ್ಪ ಜಾರಿ ಬಾಗಿಕೊಡುತ್ತದೆ, ಹಾಗಾಗಿ ಸರ್ವೋದ ಒಳಗಿನ ಸಣ್ಣ ಹಲ್ಲುಗಳು ಉಳಿಯುತ್ತವೆ. ಈ ಸಾಲಿನಲ್ಲಿ ಒಳಗೆ ಹೋದಷ್ಟೂ ಭಾಗದ ಬೆಲೆ ಜಾಸ್ತಿ, ಬಿಚ್ಚುವ ಸ್ಕ್ರೂಗಳೂ ಜಾಸ್ತಿ. ಆರ್ಮ್ ಬದಲಿಸಲು ಪಿನ್ನು ಎಳೆದು ಕೆಲವು ಸ್ಕ್ರೂ ಬಿಚ್ಚಿದರೆ ಸಾಕು. ಚಾಸಿ ಬದಲಿಸಬೇಕೆಂದರೆ ಇಡೀ ಕಾರನ್ನೇ ಬಿಚ್ಚಿ ಮೇಜಿನ ಮೇಲೆ ಹರಡಬೇಕು.

ಉಪ್ಪಳದ ನನ್ನ ಗೆಳೆಯರೊಬ್ಬರು ಮುಂದಿನ ಎರಡೂ ಕಡೆಗೆ ಅಲ್ಯೂಮಿನಿಯಂ ಆರ್ಮ್ ಹಾಕಿಸಿದ್ದರು. ನೋಡಲು ಬಹಳ ಚಂದ, ನೀಲಿ ಹೊಳಪು. ಅವರ ಕಾರು ಒಂದು ಮೋರಿಯ ಅಂಚಿಗೆ ಗುದ್ದಿತು. ಆರ್ಮಿಗೆ ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ಖುಷಿಯಲ್ಲಿ ಎತ್ತಿ ನೋಡಿದರೆ ಬಲ್ಕ್‌ಹೆಡ್ಡು ಸೀಳಿತ್ತು, ಹಿಂಜ್ ಪಿನ್ನು ಬಾಗಿತ್ತು. ಆ ಪಿನ್ನನ್ನು ಕಿಟಕಿ ಗಾಜಿನ ಮೇಲೆ ಉರುಳಿಸಿದಾಗ ಕುಂಟುತ್ತಾ ಹೋಯಿತು. (ಪಿನ್ನು ನೆಟ್ಟಗಿದೆಯೋ ಎಂದು ನೋಡಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಕಣ್ಣಿಗೆ ಕಾಣದ ಬಾಗು ಗಾಜಿನ ಮೇಲೆ ಕಂಡೇ ಕಾಣುತ್ತದೆ.) ಅದೆಲ್ಲ ಬದಲಿಸಿದ ಮೇಲೂ ಕಾರು ಒಂದು ಕಡೆಗೆ ಎಳೆಯುತ್ತಿತ್ತು. ಕಡೆಗೆ ಗೊತ್ತಾಯಿತು, ಆರ್ಮೇ ಕೂದಲೆಳೆಯಷ್ಟು ಬಾಗಿತ್ತು. ನೈಲಾನ್ ಆರ್ಮ್ ಬಾಗಿದರೆ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ, ಇಲ್ಲವಾದರೆ ಮುರಿಯುತ್ತದೆ. ಎರಡೂ ಸ್ಪಷ್ಟ. ಅಲ್ಯೂಮಿನಿಯಂ ಬಾಗಿದರೆ ಹಾಗೇ ಉಳಿಯುತ್ತದೆ, ಹೊರಗಿನಿಂದ ಚೆನ್ನಾಗಿಯೂ ಕಾಣುತ್ತದೆ. ರಿಪೇರಿ ಮಾಡುವವನಿಗೆ ಇದೇ ದೊಡ್ಡ ತೊಂದರೆ.

ಹಾಗೆಂದು ಲೋಹವೇ ಬೇಡ ಎಂದು ನಾನು ಹೇಳುವುದಿಲ್ಲ. ಮೋಟಾರು ಕೂರಿಸುವ ಪ್ಲೇಟು ಅಲ್ಯೂಮಿನಿಯಂ ಇದ್ದರೆ ಬಿಸಿ ಬೇಗ ಇಳಿಯುತ್ತದೆ. ಚಕ್ರ ಕೂರುವ ಆರು ಮೂಲೆಯ ಹೆಕ್ಸ್ ಲೋಹದ್ದಾದರೆ ಸವೆಯುವುದಿಲ್ಲ. ಶಾಕಿನ ಕೊಳವೆಗೂ ಲೋಹ ಒಳ್ಳೆಯದೇ. ಪೆಟ್ಟು ತಿನ್ನಬೇಕಾದ ಜಾಗಕ್ಕೆ ಮಾತ್ರ ಬೇಡ.

ಮಣೆಯಿಂದ ಮಾಡಿದ ಆರ್ಮ್

ಪದವಿನಲ್ಲಿ ಮುರಿದ ಆರ್ಮಿಗೆ ಬದಲಿ ಆರ್ಡರ್ ಮಾಡಿದೆ. ನಮ್ಮ ಊರಿಗೆ ಸಣ್ಣ ಪಾರ್ಸಲ್ ತಲುಪಿಸಲು ಆಗ ಕೆಲವರು ಒಪ್ಪುತ್ತಿರಲಿಲ್ಲ. ಹಾಗಾಗಿ ಮಂಗಳೂರಿನ ಗೆಳೆಯನ ಮನೆಗೆ ತರಿಸಿ, ಅತ್ತ ಹೋದಾಗ ತರುವುದು ನನ್ನ ರೂಢಿ. ಪಾರ್ಸಲ್ ಅವನ ಮನೆಗೆ ಬಂದು ಕೂತಿತು. ಅಷ್ಟರಲ್ಲಿ ಲಾಕ್‌ಡೌನ್ ಬಂತು. ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ಹೆದ್ದಾರಿ ಬಂದ್ ಆಯಿತು, ಒಳದಾರಿಗಳಿಗೆ ಅಡ್ಡವಾಗಿ ಮಣ್ಣು ಸುರಿದರು. ಆಸ್ಪತ್ರೆಗೆಂದು ಯಾವಾಗಲೂ ಮಂಗಳೂರನ್ನೇ ನಂಬಿಕೊಂಡಿದ್ದ ಗಡಿಯ ಜನ ಆ ದಿನಗಳಲ್ಲಿ ಪಟ್ಟ ಕಷ್ಟ ನೆನೆದರೆ ಈಗಲೂ ಸಂಕಟವಾಗುತ್ತದೆ. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದರ ಮುಂದೆ ನನ್ನ ಪಾರ್ಸಲ್ಲಿನ ಮಾತು ಏನೂ ಅಲ್ಲ. ಆದರೂ ಶಾಲೆ ಇಲ್ಲದೆ, ಗೆಳೆಯರಿಲ್ಲದೆ ಹುಡುಗ ನಮ್ಮ ಮನೆಯಲ್ಲೇ ಸಿಕ್ಕಿಹಾಕಿಕೊಂಡಿದ್ದ. ಮೂರು ಚಕ್ರದ ಕಾರು ಅವನ ಕಣ್ಣೆದುರೇ ಕಪಾಟಿನಲ್ಲಿತ್ತು.

ಮೊದಲು ಅಂಟಿಸಿ ನೋಡಿದೆವು. ಫೆವಿಕ್ವಿಕ್ಕಿನ ಮೇಲೆ ಅಡಿಗೆ ಸೋಡಾ ಉದುರಿಸಿದರೆ ಕೂಡಲೇ ಕಲ್ಲಿನಂತಾಗುತ್ತದೆ. ಭಾರ ಬೀಳದ ಕಡೆ ಅದು ನಿಲ್ಲುತ್ತದೆ, ಆರ್ಮಿನಲ್ಲಿ ನಿಲ್ಲುವುದಿಲ್ಲ. ಅಂಗಳದಲ್ಲಿ ಒಂದು ಸುತ್ತು ಹೊಡೆಯುವಷ್ಟರಲ್ಲಿ ಮೊದಲಿನ ಗೆರೆಯಲ್ಲೇ ಬಿಟ್ಟುಕೊಂಡಿತು. ಆಮೇಲೆ ಕಣ್ಣಿಗೆ ಬಿದ್ದದ್ದು ಅಡಿಗೆಮನೆಯ ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಮಣೆ. ಬೆರಳಿನಷ್ಟು ದಪ್ಪ. ಅಂಥ ಮಣೆ ಹೆಚ್ಚಾಗಿ ಪಾಲಿಥೀನಿನದ್ದು. ಕೊಯ್ಯಲು ಸುಲಭ, ಸೀಳುವುದಿಲ್ಲ. ಹೊರದೇಶಗಳ ಹವ್ಯಾಸಿಗಳು ಇದರಿಂದ ಬಂಪರು, ಆರ್ಮು ಮಾಡಿಕೊಳ್ಳುವುದನ್ನು ಓದಿದ್ದೆ. ಮನೆಯವಳು ಹೊಸದು ತಂದುಕೊಡಬೇಕೆಂಬ ಷರತ್ತಿನ ಮೇಲೆ ಕೊಟ್ಟಳು. ಮುರಿದ ತುಂಡುಗಳನ್ನು ಅದರ ಮೇಲೆ ಜೋಡಿಸಿಟ್ಟು ಹುಡುಗ ಪೆನ್ನಿನಿಂದ ಗೆರೆ ಎಳೆದ. ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ಅರದಿಂದ ಉಜ್ಜಿದೆವು. ಕಷ್ಟವಾದದ್ದು ಪಿನ್ನಿನ ತೂತು. ಮಣೆಯ ದಪ್ಪದ ಒಳಗೆ ಈ ಅಂಚಿನಿಂದ ಆ ಅಂಚಿಗೆ ನೇರ ತೂತು ಬೇಕು. ಕೈಯಲ್ಲಿ ಹಿಡಿದ ಡ್ರಿಲ್ಲು ಅಷ್ಟು ನೇರ ಹೋಗುವುದಿಲ್ಲ.

ನಿರ್ಬಂಧ ಸ್ವಲ್ಪ ಸಡಿಲವಾದ ಮೇಲೆ ಬದಿಯಡ್ಕದ ಕಡೆ ಪಂಪು, ಸ್ಪ್ರೇಯರ್ ರಿಪೇರಿ ಮಾಡುವ ಒಬ್ಬರ ಹತ್ತಿರ ಹೋದೆವು. ಅವರ ಹತ್ತಿರ ನಿಲ್ಲಿಸುವ ಡ್ರಿಲ್ ಮೆಷಿನ್ ಉಂಟು. ಮದ್ದು ಬಿಡುವ ಕಾಲ, ತೋಟದವರ ಸ್ಪ್ರೇಯರುಗಳು ಜಗಲಿ ತುಂಬ ಸಾಲಾಗಿ ಇದ್ದವು. ಅಷ್ಟು ಕೆಲಸದ ನಡುವೆಯೂ ಅವರು ನಮ್ಮ ಬಿಳಿ ತುಂಡನ್ನು ಕೈಗೆ ತೆಗೆದುಕೊಂಡು, ಎಲ್ಲಿ ಕೂರುತ್ತದೆ, ಏನು ಮಾಡುತ್ತದೆ ಎಂದು ಕಾರನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಇದು ಯಾವತ್ತೂ ಮುರಿಯದ ಹಾಗೆ ಆಗುತ್ತದಾ ಅಣ್ಣ ಎಂದು ಹುಡುಗ ಕೇಳಿದ. ಅವರು ನನ್ನ ಕಡೆ ತಿರುಗಿ ಹೇಳಿದರು: "ಮುರಿಯದ ಹಾಗೆ ಮಾಡಬೇಡಿ ಮಾಷ್ಟ್ರೇ. ಪಂಪಿನ ಫ್ಯೂಸು ಪದೇ ಪದೇ ಹೋಗುತ್ತದೆ ಎಂದು ದಪ್ಪ ತಂತಿ ಕಟ್ಟುವವರು ಇದ್ದಾರೆ. ಆಮೇಲೆ ಅವರೇ ಮೋಟಾರು ಹೊತ್ತುಕೊಂಡು ನನ್ನ ಹತ್ತಿರ ಬರುವುದು." ಅಷ್ಟು ಹೇಳಿ ತುಂಡನ್ನು ವೈಸಿಗೆ ಕಚ್ಚಿಸಿ ತೂತು ಕೊರೆದುಕೊಟ್ಟರು. ಹಣ ತೆಗೆದುಕೊಳ್ಳಲಿಲ್ಲ.

ಆ ಬಿಳಿ ಆರ್ಮ್ ಮುರಿಯಲೇ ಇಲ್ಲ. ಆದರೆ ಅದು ಮೆತ್ತಗೆ. ಅಂಗಳದಲ್ಲಿ ನಿಧಾನ ಓಡಿಸುವಾಗ ಏನೂ ಗೊತ್ತಾಗುತ್ತಿರಲಿಲ್ಲ. ವೇಗ ಹಿಡಿದು ತಿರುಗಿಸಿದಾಗ ಬಲಗಡೆಯ ಚಕ್ರ ವಾಲುತ್ತಿತ್ತು, ಕಾರು ಹೇಳಿದ ಕಡೆ ಹೋಗುತ್ತಿರಲಿಲ್ಲ. ಗುದ್ದಿದಾಗ ಬಾಗಿ ಉಳಿಯುವುದು ಒಂದು ಗುಣ, ಓಡುವಾಗ ನೆಟ್ಟಗೆ ನಿಲ್ಲುವುದು ಇನ್ನೊಂದು. ಅಲ್ಯೂಮಿನಿಯಂ ಎರಡನೆಯದನ್ನು ಮಾತ್ರ ಮಾಡುತ್ತದೆ, ಮಣೆ ಮೊದಲನೆಯದನ್ನು ಮಾತ್ರ. ಕಾರಿನ ಜೊತೆ ಬಂದ ಕಪ್ಪು ನೈಲಾನ್ ಆರ್ಮ್ ಎರಡನ್ನೂ ಸಾಕಷ್ಟು ಮಾಡಿ, ತನ್ನ ಮಿತಿ ದಾಟಿದಾಗ ಮುರಿಯುತ್ತದೆ. ಯಾರೋ ಒಬ್ಬರು ಕೂತು ಯೋಚಿಸಿ ಆ ಮಿತಿಯನ್ನು ಅಲ್ಲಿ ಇಟ್ಟಿದ್ದಾರೆ. ಇದು ತಿಳಿದ ಮೇಲೆ ಮುರಿದ ಆರ್ಮನ್ನು ನೋಡಿದರೆ ನನಗೆ ಬೇಸರವಾಗುವುದಿಲ್ಲ. ಮಂಗಳೂರಿನಿಂದ ಕಡೆಗೂ ಪಾರ್ಸಲ್ ಬಂದಾಗ ಬಿಳಿ ಆರ್ಮನ್ನು ತೆಗೆದು ಕಪ್ಪನ್ನೇ ಹಾಕಿದೆವು.

ಮೇಜಿನ ಮೇಲಿನ ಕೆಲಸ

ನೈಲಾನಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅದು ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ. ತೇವ ಕುಡಿದ ನೈಲಾನು ಸ್ವಲ್ಪ ಮೆತ್ತಗಾಗಿ ಪೆಟ್ಟು ತಡೆಯುತ್ತದೆ, ಪೂರ್ತಿ ಒಣಗಿದ್ದು ಬೇಗ ಮುರಿಯುತ್ತದೆ. ಹಳೆ ಹವ್ಯಾಸಿಗಳು ಹೊಸ ಆರ್ಮನ್ನು ನೀರಿನಲ್ಲಿ ಕುದಿಸಿ ಹಾಕುವುದು ಇದಕ್ಕೇ. ವರ್ಷಕ್ಕೆ 3000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಕುದಿಸುವ ಅಗತ್ಯವೇ ಇಲ್ಲ ಅನ್ನಿಸುತ್ತದೆ. ಬಿಡಿಭಾಗದ ಡಬ್ಬಿಯನ್ನು ನಾನು ಬಿಸಿಲಿಗೆ ಇಡುವುದಿಲ್ಲ, ಬೇಸಿಗೆಯಲ್ಲಿ ನಾವು ಓಡಾಡುವ ಕಾರಿನ ಡಿಕ್ಕಿಯಲ್ಲಿ ಬಿಡುವುದೂ ಇಲ್ಲ. ಅದೇ ಮಳೆಗಾಲ ಬೇರಿಂಗಿಗೆ, ಸ್ಕ್ರೂವಿಗೆ ತುಕ್ಕು ತರುತ್ತದೆ. ಅವುಗಳಿಗೆ ಎಣ್ಣೆ ಮುಟ್ಟಿಸಿ ಬೇರೆಯೇ ಡಬ್ಬಿಯಲ್ಲಿ ಇಡಬೇಕು.

ಜೋಡಿಸುವಾಗ ಅವಸರ ಮಾಡಬಾರದ ಕೆಲಸಗಳು ಕೆಲವು ಇವೆ. ಪ್ಲಾಸ್ಟಿಕ್ಕಿಗೆ ಹೋಗುವ ಸ್ಕ್ರೂವನ್ನು ಮೊದಲು ಉಲ್ಟಾ ತಿರುಗಿಸಬೇಕು. ಹಳೆಯ ದಾರಿ ಸಿಕ್ಕಿದ ಕೂಡಲೇ ಸ್ಕ್ರೂ ಸಣ್ಣಗೆ ಟಿಕ್ ಎಂದು ಕೆಳಗೆ ಇಳಿಯುತ್ತದೆ. ಅಲ್ಲಿಂದ ಬಿಗಿಮಾಡಿದರೆ ಹೊಸ ದಾರಿ ಕೊರೆಯದೆ ಹಳೆಯದರಲ್ಲೇ ಕೂರುತ್ತದೆ. ಇದನ್ನು ಮಾಡದಿದ್ದರೆ ಕೆಲವು ರಿಪೇರಿಯಲ್ಲೇ ತೂತು ಸಡಿಲ. ಲೋಹಕ್ಕೆ ಲೋಹ ಸೇರುವ ಕಡೆ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಸಾಕು. ಪ್ಲಾಸ್ಟಿಕ್ಕಿಗೆ ಅದನ್ನು ಮುಟ್ಟಿಸಲೇಬಾರದು, ಕೆಲವು ಪ್ಲಾಸ್ಟಿಕ್ಕು ಅದರಿಂದಲೇ ಬಿರುಕು ಬಿಡುತ್ತದೆ. ಮೋಟಾರಿನ ಸಣ್ಣ ಗೇರು ಅಂದರೆ ಪಿನಿಯನ್ನೂ ದೊಡ್ಡ ಗೇರೂ ಸೇರುವ ಕಡೆ ಒಂದು ಪಟ್ಟಿ ಕಾಗದ ಇಟ್ಟು, ಒತ್ತಿ ಹಿಡಿದು ಮೋಟಾರಿನ ಸ್ಕ್ರೂ ಬಿಗಿಮಾಡುತ್ತೇನೆ. ಆಮೇಲೆ ಗೇರು ತಿರುಗಿಸಿ ಕಾಗದ ಎಳೆದರೆ ಹಲ್ಲಿನ ನಡುವೆ ಬೇಕಾದಷ್ಟೇ ಸಂದು ಉಳಿದಿರುತ್ತದೆ. ಮೇಲಿನ ಬಾಡಿ ಪಾಲಿಕಾರ್ಬೊನೇಟಿನದ್ದು. ಅದಕ್ಕೆ ಬಿರುಕು ಬಿದ್ದರೆ ಬಿರುಕಿನ ತುದಿಯಲ್ಲಿ ಒಂದು ಸಣ್ಣ ದುಂಡು ತೂತು ಕೊರೆಯುತ್ತೇನೆ. ಚೂಪು ತುದಿ ಹೋಗಿ ದುಂಡಗಾದಾಗ ಬಿರುಕು ಮುಂದೆ ಹೋಗಲು ದಾರಿ ಸುಲಭವಾಗುವುದಿಲ್ಲ. ಇದನ್ನು ಮೊದಲ ಸಲ ಮಾಡಿ ನೋಡಿದಾಗ ಆದ ಸಂತೋಷ ಇನ್ನೂ ನೆನಪಿದೆ. ಒಡೆದದ್ದಕ್ಕೆ ಇನ್ನೊಂದು ತೂತು ಮಾಡಿ ಉಳಿಸುವುದು!

ಬ್ಯಾಟರಿ ವಿಷಯದಲ್ಲಿ ಮಾತ್ರ ಯಾವ ರಿಪೇರಿಯೂ ಇಲ್ಲ. ಗುದ್ದಿದ ಮೇಲೆ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಮೂಲೆ ತಗ್ಗಾಗಿದ್ದರೆ, ಉಬ್ಬಿದ್ದರೆ, ಸಿಹಿಯಾದ ಒಂದು ವಾಸನೆ ಬರುತ್ತಿದ್ದರೆ ಅದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ. ಚೆನ್ನಾಗಿರುವುದನ್ನೂ ಮನೆಯ ಒಳಗೆ ಬಿಟ್ಟು ಹೋಗಿ ಚಾರ್ಜ್ ಮಾಡುವುದು ಬೇಡ. ನಾನು ಅಂಗಳದ ಮುರಕಲ್ಲಿನ ಕಟ್ಟೆಯ ಮೇಲೆ ಇಟ್ಟು, ಹತ್ತಿರವೇ ಕೂತು ಮಾಡುತ್ತೇನೆ. ಒಂದು ಸೆಲ್ಲಿಗೆ 4.2 ವೋಲ್ಟಿಗಿಂತ ಜಾಸ್ತಿ ಹೋಗಬಾರದು, 3 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಮಳೆಗಾಲಕ್ಕೆಂದು ಎತ್ತಿಡುವುದಾದರೆ 3.8ರ ಹತ್ತಿರ ಇಟ್ಟುಬಿಡಿ. ಮಕ್ಕಳ ಕೈಗೆ ಈ ಕಾರು ಕೊಡುವವರು ಓಡಿಸುವುದಕ್ಕಿಂತ ಮೊದಲು ಇದನ್ನು ಕಲಿಸಬೇಕು ಎಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಆರ್ಮ್ ಬಗ್ಗೆ ಇಷ್ಟೆಲ್ಲ ಯೋಚಿಸಿದ ಮೇಲೆ ನಾನು ಕೈ ಹಾಕಿದ್ದು ಬಂಪರಿಗೆ. ಆ ರಾತ್ರಿಯ ಲೆಕ್ಕದಲ್ಲೇ ದಾರಿ ಇತ್ತು. 1 ಸೆಂಟಿಮೀಟರಿನ ಬದಲು 3 ಸೆಂಟಿಮೀಟರಿನಲ್ಲಿ ಕಾರು ನಿಂತರೆ 9 ಕ್ವಿಂಟಾಲಿನ ಪೆಟ್ಟು 3 ಕ್ವಿಂಟಾಲಿನ ಆಸುಪಾಸಿಗೆ ಇಳಿಯುತ್ತದೆ. ಆರ್ಮನ್ನು ಗಟ್ಟಿ ಮಾಡದೆಯೇ ಅದರ ಪಾಲಿನ ಭಾರ ಕಡಿಮೆ ಆಗುತ್ತದೆ. ಹಳೆಯ ಹವಾಯಿ ಚಪ್ಪಲಿಯ ಅಡಿಯಿಂದ ಎರಡು ತುಂಡು ಕೊಯ್ದು, ಒಂದರ ಮೇಲೊಂದು ಅಂಟಿಸಿ, ಮುಂದಿನ ಚಕ್ರಗಳಿಗಿಂತ ಸ್ವಲ್ಪ ಹೊರಗೆ ಚಾಚುವಷ್ಟು ಅಗಲ ಮಾಡಿದೆ. ಅಗಲ ಮುಖ್ಯ, ಯಾಕೆಂದರೆ ಆರ್ಮ್ ಮುರಿಯುವುದು ಹೆಚ್ಚಾಗಿ ಮೂತಿ ಗುದ್ದಿದಾಗ ಅಲ್ಲ, ಒಂದು ಚಕ್ರ ಮಾತ್ರ ಕಲ್ಲಿಗೆ ತಾಗಿದಾಗ. ಚಪ್ಪಲಿಯ ಮೂತಿ ನೋಡಲು ಚಂದ ಇಲ್ಲ, ಹಾರಿದಾಗ ಮುಂಭಾರವೂ ಸ್ವಲ್ಪ ಜಾಸ್ತಿ. ಹಾಗಾಗಿ ಮೊದಲ ಬ್ಯಾಟರಿ ಮುಗಿಯುವವರೆಗೆ ಇದನ್ನು ಹಾಕಿ, ಕೈ ಹದಕ್ಕೆ ಬಂದ ಮೇಲೆ ತೆಗೆದು ಓಡಿಸುತ್ತೇವೆ. ಹೊಸಬರಾದರೆ ತೆಗೆಯುವುದೇ ಬೇಡ. ಅದರ ಅಳತೆ ಬರೆದ ಕಾಗದವನ್ನೂ ಉಳಿದ ಚಪ್ಪಲಿಯ ತುಂಡನ್ನೂ ಆ ಹಳೆ ವಿದ್ಯಾರ್ಥಿಗೆಂದು ತೆಗೆದಿಟ್ಟಿದ್ದೇನೆ. ಕಪ್ಪು ಆರ್ಮ್ ಒಂದು ಜೊತೆ ಅವನು ತರಿಸಿಕೊಳ್ಳಲಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಒಂದು ಹಾಕಿದರೆ ಇನ್ನೊಂದು ಡಬ್ಬಿಯಲ್ಲಿ ಇರುತ್ತದೆ.